ಕೊಟ್ಟೂರಿನಲ್ಲಿ ಓದಿದ ಹಡಗಿನ ಕಾಗದ

ದೆವ್ವ, ಶಕುನ, ಒಳಗಿನ ದನಿ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೊಟ್ಟೆ ತುಂಬಿದವರ ಕಾಲಹರಣ ಎಂದೇ ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ಆದರೂ ಇದನ್ನು ಬರೆಯುತ್ತಿದ್ದೇನೆ; ನೀವು ನಕ್ಕರೆ ನನ್ನ ತಕರಾರಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಕರಾವಳಿಯ ಒಂದು ಬಂದರು ಕಚೇರಿಯಲ್ಲಿ ಗುಮಾಸ್ತ. ನಾವಿಕರು ಬಿಟ್ಟುಹೋಗಿದ್ದ ವಿದೇಶಿ ಹಾಯಿ ಹಡಗೊಂದನ್ನು ಮೀನುಗಾರರು ದಂಡೆಗೆ ಎಳೆದು ತಂದಿದ್ದರು. ಹರಾಜಿನಲ್ಲಿ ಅದನ್ನು ಕೊಟ್ಟೂರಿನ ಶೇಂಗಾ ವ್ಯಾಪಾರಿ ವೀರಭದ್ರಪ್ಪ ಕೊಂಡ. ಹರಾಜಿಗೆ ಬಂದ ಎರಡು ದಿನ ಬಿಟ್ಟರೆ ಜನ್ಮದಲ್ಲಿ ಸಮುದ್ರ ನೋಡದವನು ಹಡಗಿನ ಮಾಲೀಕ. ಕಚೇರಿಯಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು.

ಅದು ಭಾರತದ ಬಾವುಟ ಹಾರಿಸಬೇಕಾದರೆ ಹೊಸ ಹೆಸರಿನಲ್ಲಿ ನೋಂದಣಿಯಾಗಬೇಕು. ಹಳೇ ದೇಶದ ನೋಂದಣಿ ರದ್ದಾದ ಪತ್ರ ಬಂದಿತ್ತು. ತಪಾಸಣೆಯ ಅಧಿಕಾರಿ ಹಡಗನ್ನು ಅಳೆದು, ಗಟ್ಟಿಯಾಗಿದೆ ಎಂದು ಬರೆದಿದ್ದರು. ಮಾಲೀಕನ ಘೋಷಣೆಯೊಂದು ಬಾಕಿ. ಅವನೋ ಕಾಲು ಮುರಿದುಕೊಂಡು ಊರಲ್ಲಿ ಮಲಗಿದ್ದ. ನಾನು ಕೊಟ್ಟೂರಿನ ಹತ್ತಿರದ ಇಟ್ಟಿಗಿ ಊರಿನವನು, ರಜೆ ಹಾಕಿ ಊರಿಗೆ ಹೊರಟಿದ್ದೆ. ಕಾಗದವನ್ನು ನನ್ನ ಕೈಗೇ ಕೊಟ್ಟರು.

ನಾನು ಹೋದಾಗ ಮಟಮಟ ಮಧ್ಯಾಹ್ನ. ವೀರಭದ್ರಪ್ಪ ಹೊರಸಿನ ಮೇಲಿದ್ದ. ಅವನ ಅಕ್ಕ ಗೌರಮ್ಮ ಬಾಗಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಘೋಷಣೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆ, ದಡ್ಡರಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ. ಅವನು ಸಹಿ ಹಾಕಿದ. ಆಗ ಗೌರಮ್ಮ ತಲೆ ಎತ್ತದೆ ಕೇಳಿದಳು:

"ಮುಂದಿನ ಕಂಬದ ಬುಡ ಕೊಳತೈತಲ್ಲ, ಮತ್ತ ಅದರಾಗ ಮಂದಿನ ಹೆಂಗ ಹತ್ತಿಸ್ತೀರಿ ಸಾಹೇಬ್ರ?"

ಹಡಗಿನ ಚಿತ್ರವನ್ನೂ ನೋಡಿರದ ಹೆಂಗಸು. "ಹಡಗಿಗೆ ಎಷ್ಟು ಕಂಬ ಇರ್ತಾವ ಗೊತ್ತೇನವ್ವಾ ನಿಮಗ?" ಎಂದು ನಕ್ಕು ಬಸ್ಸು ಹಿಡಿದೆ.

ಕೆಲಸಕ್ಕೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಹಡಗಿನ ಹಿಂಬದಿಗೆ ಹೊಸ ಹೆಸರು ಬರೆದಾಗಿತ್ತು. ಎಂಟು ಜನ ಖಲಾಸಿಗಳು ಹೊರಡಲು ಕಾಯುತ್ತಿದ್ದರು. ನನ್ನನ್ನೇ ಹಳಿದುಕೊಳ್ಳುತ್ತ ಅಧಿಕಾರಿಯ ಬಳಿ ಹೋಗಿ, ಮುಂದಿನ ಕಂಬದ ಬಗ್ಗೆ ಬಡಗಿಯೊಬ್ಬ ಅನುಮಾನ ಪಡುತ್ತಿದ್ದಾನೆ ಎಂದು ಸುಳ್ಳು ಹೇಳಿದೆ. ಅವರು ಸಿಡುಕುತ್ತಲೇ ಬಂದು ಮುಂದಿನ ಹಾಯಿಕಂಬದ ಬುಡದಲ್ಲಿದ್ದ ಹಲಗೆ ಎಬ್ಬಿಸಿದರು. ಕೆಳಗಿನ ಮರ ಒದ್ದೆ ಬೆಲ್ಲದಂತೆ ಕೈಗೆ ಕಿತ್ತು ಬಂತು. ನೋಂದಣಿ ನಿಂತಿತು, ಮರ ಬದಲಾದ ಮೇಲೆಯೇ ಬಾವುಟ ಏರಿತು.

ಮುಂದಿನ ರಜೆಯಲ್ಲಿ ನೆಟ್ಟಗೆ ಕೊಟ್ಟೂರಿಗೆ ಹೋದೆ. ಕಂಬದ ವಿಷಯ ನಿಮಗೆ ಯಾರು ಹೇಳಿದ್ದು ಎಂದು ಗೌರಮ್ಮನನ್ನು ಕೇಳಿದೆ.

"ಯಾರ್ ಹೇಳ್ತಾರ? ನೀವಽ ಓದಿದ್ರಲ್ಲ, ಕಾಗದದಾಗ ಐತಿ ಅಂತ."

"ಹೌದ್ರಿ, ನಾನೂ ಕೇಳೀನಿ," ಎಂದ ವೀರಭದ್ರಪ್ಪ. "ರಿಪೇರಿ ಮಾಡಿಸ್ತಾರ ಬಿಡು ಅಂತ ಸಹಿ ಹಾಕಿದೆ."

ಇಬ್ಬರ ಮುಖದಲ್ಲೂ ತಮಾಷೆಯಿರಲಿಲ್ಲ. ಕಚೇರಿಗೆ ಬಂದು ಕಡತ ತೆಗೆದು ಆ ಘೋಷಣೆಯನ್ನು ಮೂರು ಸಲ ಓದಿದೆ. ಹೆಸರು, ವಿಳಾಸ, ಭಾರತೀಯ ಪ್ರಜೆ ಎಂಬ ಮಾತು. ಕಂಬದ ಸುದ್ದಿಯೇ ಇಲ್ಲ. ಅವರು ಸುಳ್ಳು ಹೇಳಿದರೆನ್ನಲೇ? ಮರ ಕೊಳೆತದ್ದಂತೂ ಸುಳ್ಳಲ್ಲ. ನಾನೇ ಓದಿದೆನೆನ್ನಲೇ? ಹಾಗಾದರೆ ಅವರಿಬ್ಬರಿಗೂ ಕೇಳಿಸಿದ ನನ್ನ ಮಾತು ನನ್ನ ಕಿವಿಗೆ ಮಾತ್ರ ಏಕೆ ಬೀಳಲಿಲ್ಲ?