ಮಗು ದೊಡ್ಡವಳಾದ ಮೇಲೂ ಉಳಿಯಬೇಕಾದ ಗುಟ್ಟು

ಜಗಳೂರಿನ ಆ ಸಣ್ಣ ಆರೋಗ್ಯ ಕೇಂದ್ರಕ್ಕೆ ಬೋರ್ಡ್ ಇರಲಿಲ್ಲ. ಹಾಕಿದರೆ ಒಳಗೆ ಬರಲು ಜನ ಅಂಜುತ್ತಾರೆಂದು ಪುಷ್ಪಾವತಿಯೇ ಬೇಡವೆಂದಿದ್ದಳು. ಎಚ್‌ಐವಿ ಸೋಂಕಿತರಿಗೆ ಧೈರ್ಯ ಹೇಳಿ, ಔಷಧ ತಪ್ಪದಂತೆ ನೋಡಿಕೊಳ್ಳುವುದು ಅವಳ ಕೆಲಸ. ಅವಳು ಟ್ಯಾಬ್‌ನಲ್ಲಿ ತುಂಬಿದ ವಿವರ ಇಂಟರ್ನೆಟ್ ಮೂಲಕ ದಾವಣಗೆರೆಯ ಮುಖ್ಯ ಕಚೇರಿಗೆ ಹೋಗುತ್ತಿತ್ತು. ನಡುವೆ ಯಾರೂ ಓದಲಾಗದಂತೆ ಅದಕ್ಕೆ ಬೀಗ ಬಿದ್ದಿರುತ್ತದೆಂದು ಅವಳು ನೆಮ್ಮದಿಯಾಗಿದ್ದಳು.

ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಮುತ್ತುರಾಜ್ ಒಂದು ತರಬೇತಿಯಲ್ಲಿ ಆ ನೆಮ್ಮದಿ ಕೆಡಿಸಿದ.

"ಎರಡು ದೊಡ್ಡ ಸಂಖ್ಯೆ ಗುಣಿಸೋದು ಸುಲಭ ಮೇಡಂ. ಉತ್ತರ ನೋಡಿ ಆ ಎರಡನ್ನ ಹುಡುಕಾಕೆ ಈಗಿನ ಕಂಪ್ಯೂಟರ್‌ಗೆ ಯುಗವೇ ಬೇಕು. ನಮ್ಮ ಬೀಗ ನಿಂತಿರೋದು ಆ ಕಷ್ಟದ ಮೇಲೆ. ಅಣು-ಕಣಗಳ ಗುಣ ಬಳಸಿ ಲೆಕ್ಕ ಮಾಡೋ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಅದನ್ನ ಬೇಗ ಬಿಡಿಸುತ್ತೆ."

"ಅದು ಬಂದೈತಾ?"

"ಅಷ್ಟು ದೊಡ್ಡದು ಇನ್ನೂ ಇಲ್ಲ. ಆದ್ರೆ ಕದಿಯೋರು ನಾವು ಕಳಿಸಿದ್ದನ್ನ ಬೀಗದ ಸಮೇತ ಈಗಲೇ ಕಾಪಿ ಮಾಡಿಟ್ಕೊಂಡು, ಅದು ಬಂದ ಮೇಲೆ ಬೀಗ ತೆಗೀಬಹುದು. ಅದಕ್ಕೇ, ಆ ಯಂತ್ರಕ್ಕೂ ಕಷ್ಟವಾಗೋ ಬೇರೆ ಥರದ ಲೆಕ್ಕದ ಮೇಲೆ ಹೊಸ ಬೀಗ ಮಾಡಿದಾರೆ."

ಆ ವಾರ ಅರುಣಾ ಮಗಳನ್ನು ಎತ್ತಿಕೊಂಡು ಬಂದಳು. ಸೋಂಕು ತಾಯಿಗೂ ಇತ್ತು, ಮಗುವಿಗೂ ಇತ್ತು. "ನಾಳೆ ದೊಡ್ಡೋಳಾಗ್ತಾಳೆ ಅಕ್ಕಾ. ಇವಳಾಗೇ ಹೇಳೋವರೆಗೂ ಯಾರಿಗೂ ಗೊತ್ತಾಗಬಾರದು" ಎಂದಳು. ಪುಷ್ಪಾವತಿ ಎಂದಿನ ಭರವಸೆ ಕೊಡದೆ, ಮುಖ್ಯ ಕಚೇರಿಯಲ್ಲಿ ಮಾತಾಡಿ ಬರುತ್ತೇನೆಂದಳು.

ಬಸ್ ಹತ್ತಿ ದಾವಣಗೆರೆಗೆ ಹೋಗಿ, ಹೊಸ ಬೀಗ ಹಾಕಿಸಿ ಎಂದು ಕೇಳಿದಳು. "ಇಲ್ಲದ ಯಂತ್ರಕ್ಕೆ ಈಗಲೇ ಯಾಕ್ರೀ ಹೆದರ್ತೀರಿ? ಬಂದಾಗ ಬದಲಾಯಿಸಿದ್ರಾಯ್ತು" ಎಂದರು ಮುಖ್ಯಸ್ಥ ಪ್ರಸನ್ನಕುಮಾರ್.

"ಆವಾಗ ಬದಲಾಯಿಸಿದ್ರೆ ಇವತ್ತು ಹೋದದ್ದು ವಾಪಸ್ ಬರ್ತೈತಾ ಸಾರ್? ಆ ಮಗು ಬದುಕಿರೋವರೆಗೂ ಗುಟ್ಟು ಉಳೀಬೇಕು."

ನೋಡೋಣ ಎಂದು ಕಳಿಸಿದರು. ಮರುದಿನದಿಂದ ಪುಷ್ಪಾವತಿ ಹೆಸರು, ಊರು ಕಳಿಸುವುದನ್ನೇ ನಿಲ್ಲಿಸಿದಳು. ವರದಿಗಳು ತಡವಾದವು, ಕಾರಣ ಕೇಳಿ ನೋಟಿಸ್ ಬಂತು. ಅವಳು ಕಾರಣ ಬರೆದಳೇ ಹೊರತು ಹೆಸರು ಬರೆಯಲಿಲ್ಲ. ಕೊನೆಗೆ ಮುತ್ತುರಾಜ್‌ಗೆ ಅಪ್ಪಣೆ ಸಿಕ್ಕಿತು. ಹಳೆಯ ಬೀಗದ ಜೊತೆ ಹೊಸದನ್ನೂ ಸೇರಿಸಿ, ಮೊದಲು ಜಗಳೂರಿನಲ್ಲೇ ಅಳವಡಿಸಿದ.

"ಈಗಾಗಲೇ ಹೋಗಿರೋದಕ್ಕೆ ಏನು ಮಾಡಾಣ?"

"ಅದಕ್ಕೆ ನನ್ನತ್ರ ದಾರಿ ಇಲ್ಲ ಮೇಡಂ."

ಅರುಣಾ ಮತ್ತೆ ಬಂದಾಗ ಪುಷ್ಪಾವತಿ ಯಾವುದನ್ನೂ ಮುಚ್ಚಿಡದೆ ಹೇಳಿದಳು. ಅರುಣಾ ಮಗುವಿನ ಕೂದಲು ಸವರಿದಳು. ಆಮೇಲೆ, "ಇನ್ಮುಂದಿನದಾದ್ರೂ ಭದ್ರ ಐತಲ್ಲಕ್ಕಾ, ಬರ್ಕೊಳ್ರಿ" ಎಂದಳು.

ಅವಳು ಹೋದ ಮೇಲೆ ಪುಷ್ಪಾವತಿ, ತಮ್ಮಂತೆಯೇ ದಾವಣಗೆರೆಗೆ ವಿವರ ಕಳಿಸುವ ಹೊನ್ನಾಳಿಯ ಕೇಂದ್ರಕ್ಕೆ ಫೋನ್ ಮಾಡಿ, ಅಲ್ಲಿನ್ನೂ ಹಳೆಯ ಬೀಗವೊಂದೇ ಇದೆಯೇ ಎಂದು ವಿಚಾರಿಸಿದಳು.