ಖಾರವಿಲ್ಲದ ಕಾಯಿ, ನಾಯಿಯ ಗಂಟಲು

ಎರಡು ಸಾವಿರದ ಇಸವಿಯ ಆಸುಪಾಸು ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯವರು ಮೆಣಸಿನಕಾಯಿ ವ್ಯಾಪಾರದ ಸಾವಕಾರರು. ಗೋದಾಮಿನ ಬಾಗಿಲಲ್ಲಿ ಮೊಳದುದ್ದದ ಸರಪಳಿಗೆ ನಾಯಿ ಕಟ್ಟಿದ್ದರು. ಹಮಾಲರು, ಎತ್ತು, ಲಾರಿ, ಯಾವುದನ್ನು ಕಂಡರೂ ಅದು ದಿನವಿಡೀ ಬೊಗಳುತ್ತಿತ್ತು. ಈ ಮಹಾನುಭಾವರಿಗೆ ಅದೇ ಹೆಮ್ಮೆ. ನಾಯಿ ಸುಮ್ಮನಾದರೆ ತಾವೇ ‘ಛೂ’ ಎಂದು ಎಬ್ಬಿಸುತ್ತಿದ್ದರು. ಕೊನೆಗೆ ಅದರ ದನಿ ಒಡೆಯಿತು. ನೀರು ಕುಡಿದರೂ ಕೆಮ್ಮತೊಡಗಿತು.

ದನದ ಡಾಕ್ಟರು ನೋಡಿ, ‘ಬೊಗಳಿ ಬೊಗಳಿ ಗಂಟಲು ಬಾತೈತ್ರಿ. ಬಿಚ್ಚಿ ಹಿತ್ತಲದಾಗ ಬಿಡ್ರಿ, ಸುಮ್ಮನಿದ್ರ ಆರಾಮ ಆಗತೈತಿ’ ಎಂದರು.

ಸಾವಕಾರರು ಒಪ್ಪಬೇಕಲ್ಲ! ‘ಬೊಗಳಿದ್ದಕ್ಕಲ್ಲರಿ, ಮೆಣಸಿನಕಾಯಿ ಘಾಟು ಹತ್ತೈತಿ’ ಎಂದು ಬೆಲ್ಲ ತಿನ್ನಿಸಿದರು. ನಮ್ಮೂರಲ್ಲಿ ಯಾರು ಕೆಮ್ಮಿದರೂ ತಪ್ಪು ಘಾಟಿನದೇ. ಆದರೆ ಇದೇ ಮನುಷ್ಯ ಅಂಗಡಿಯಲ್ಲಿ ಪರವೂರ ಗಿರಾಕಿಗಳ ಮುಂದೆ, ‘ಬ್ಯಾಡಗಿ ಕಾಯಿ ಬರೇ ಬಣ್ಣರಿ, ಖಾರನ ಇಲ್ಲ’ ಎಂದು ಆಣೆ ಮಾಡುವುದನ್ನು ದಿನಾ ಕೇಳಿದ್ದೆ.

‘ಖಾರನ ಇಲ್ಲದ ಕಾಯಿ ನಾಯಿ ಗಂಟಲಿಗೆ ಹೆಂಗ ಹತ್ತಿತ್ರಿ, ಸಾವಕಾರ್ರ?’ ಎಂದೆ.

ಸಾವಕಾರರು ನನ್ನ ಕಡೆ ಕೈ ತೋರಿಸಿ, ನಾಯಿಗೆ ‘ಛೂ’ ಎಂದರು. ಪಾಪದ್ದು ಎದ್ದು ನಿಂತು ಬಾಯಿ ತೆರೆಯಿತು. ಬರೀ ಗಾಳಿ ಬಂತು.