ಒಂದು ಲಕ್ಷದ ಮೂರು

ಆಳಂದದಲ್ಲಿ ನಾಲ್ಕನೇ ಇಯತ್ತೆ ಮುಗಿಯುತ್ತಲೇ ಅಪ್ಪ ನನ್ನ ಸಾಲಿ ಬಿಡಿಸಿದ. ನಿಜಾಮರ ಕಾಲ. ಮುಂದಿನ ಕಲಿಕೆಯೆಲ್ಲ ಉರ್ದುವಿನಲ್ಲಿ, ಅದು ಗಂಡುಹುಡುಗರಿಗೆ ಎಂಬುದು ಅವನ ಲೆಕ್ಕ. ಅಣ್ಣ ಓದುತ್ತಿದ್ದ, ನಾನು ರೊಟ್ಟಿ ಬಡಿಯುತ್ತಿದ್ದೆ. ನನಗೆ ಹದಿನಾಲ್ಕು ತುಂಬಿತ್ತು.

ಒಂದು ದಿನ ಅಣ್ಣ ಸಾಲಿಯಿಂದ ಬಂದವನೇ ಪಾಟಿಯನ್ನು ಮೂಲೆಗೆ ಒಗೆದ. “ಒಂದು ಲಕ್ಷದ ಮೂರು ಒಡೀತದೋ ಇಲ್ಲೋ ನೋಡ್ಕೊಂಡು ಬರ್ರಿ ಅಂದಾರ ಮಾಸ್ತರು. ಯಾರ ಕೈಲೂ ಆಗವಲ್ದು.”

“ಒಡಿಯೋದಂದ್ರ?”

“ಯಾವುದರೇ ಸಣ್ಣ ಸಂಖ್ಯೆಯಿಂದ ಬಾಕಿ ಉಳೀದಂಗ ಭಾಗ ಹೋಗಬೇಕು. ನಿನಗ್ಯಾಕ ಬೇ ಅದೆಲ್ಲ?”

ಅವನ ಕೊನೆಯ ಮಾತು ನನ್ನನ್ನು ಚುಚ್ಚಿತು. ಮರುದಿನ ಮಧ್ಯಾಹ್ನ ಮನೆಗೆಲಸ ಮುಗಿಸಿ, ಪಡಸಾಲೆಯ ಫರಸಿ ಕಲ್ಲಿನ ಮೇಲೆ ಇದ್ದಿಲಿನಿಂದ ಭಾಗಾಕಾರ ಶುರುಮಾಡಿದೆ. ಏಳರಿಂದ ಭಾಗಿಸಿದರೆ ಒಂದು ಉಳಿಯಿತು. ಇಪ್ಪತ್ತಮೂರಕ್ಕೆ ಒಂದೇ ಒಂದು ಕಡಿಮೆ ಬಿತ್ತು. ಎರಡರಿಂದ ಹೋಗದ್ದು ನಾಲ್ಕರಿಂದ ಹೇಗೆ ಹೋದೀತು? ಆದ್ದರಿಂದ ತಾವೇ ಒಡೆಯದಂಥ ಸಂಖ್ಯೆಗಳನ್ನಷ್ಟೇ ಹಿಡಿದೆ.

ನಾಲ್ಕನೇ ದಿನ ಐವತ್ತೊಂಬತ್ತರಿಂದ ಭಾಗಿಸಿದಾಗ ಬಾಕಿ ಸೊನ್ನೆ ಬಂತು. ಒಡೆಯಿತು! ಅಣ್ಣನನ್ನು ಕೂಗಲು ಬಾಯಿ ತೆರೆದವಳು ಮತ್ತೊಮ್ಮೆ ನೋಡಿದೆ. ಅವಸರದಲ್ಲಿ ಕಡೆಯ ಮೂರರ ಬದಲು ಐದು ಬರೆದಿದ್ದೆ. ಅಳು ಬಂತು. ಅಳುತ್ತಲೇ ಅಳಿಸಿ, ಮುಂದುವರಿಸಿದೆ.

ಮುನ್ನೂರ ಹದಿಮೂರು ಮುಗಿಸಿ ಮುನ್ನೂರ ಹದಿನೇಳಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ಭಾಗಲಬ್ಧ ಮುನ್ನೂರ ಹದಿನೈದು, ಭಾಗಿಸುವ ಸಂಖ್ಯೆಗಿಂತಲೇ ಸಣ್ಣದು! ಇನ್ನು ಮುಂದೆ ಹೋದಷ್ಟೂ, ಒಂದಕ್ಕೊಂದು ಗುಣಿಸುವ ಜೋಡಿಯ ಇನ್ನೊಂದು ಸಂಖ್ಯೆ ಸಣ್ಣದೇ ಆಗಬೇಕು. ಸಣ್ಣವನ್ನೆಲ್ಲ ಆಗಲೇ ನೋಡಿ ಮುಗಿಸಿದ್ದೆ. ಅರವತ್ತೈದು ಭಾಗಾಕಾರ, ಒಂದಕ್ಕೂ ಜಗ್ಗಲಿಲ್ಲ. ಒಂದು ಲಕ್ಷದ ಮೂರು ಒಡೆಯಲಾರದ ಸಂಖ್ಯೆ.

ಅಣ್ಣ ನಂಬಲಿಲ್ಲ. ಆದರೂ ಮಾಸ್ತರಿಗೆ ಹೇಳಿದ. ಸಂಜೆ ಅವರೇ ಮನೆಗೆ ಬಂದರು. ಬಿಳಿ ಗಡ್ಡದ ಮುಸಲ್ಮಾನ ಮಾಸ್ತರು, ಟೋಪಿ ತೆಗೆದು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಬಗ್ಗಿ ಒಂದೊಂದೇ ಲೆಕ್ಕ ಓದಿದರು.

“ಮುನ್ನೂರ ಹದಿನೇಳಕ್ಕೇ ಯಾಕ ನಿಂತಿ ಬೇಟಿ?”

“ಮುಂದ ಒಡದ್ರ, ಒಡದ ಇನ್ನೊಂದು ತುಂಡು ಸಣ್ಣದೇ ಇರಬೇಕಲ್ರಿ. ಸಣ್ಣವು ಎಲ್ಲಾ ನೋಡೀನ್ರಿ.”

ಮಾಸ್ತರು ಮಂಡಿಯ ಮೇಲಿಂದ ಎದ್ದು ಅಪ್ಪನ ಕಡೆ ತಿರುಗಿದರು. “ಶಾಬಾಸ್! ಇದು ನಾ ಕಲಿಸಿದ್ದಲ್ರಿ. ನಿಮ್ಮ ಮಗಳು ತಾನೇ ಕಂಡುಹಿಡದಾಳ. ಈಕಿನ್ನ ಮನಿಯಾಗ ಕೂಡ್ರಿಸೋದು ಗುನಾ, ದೊಡ್ಡ ತಪ್ಪು ಆಗ್ತದ್ರಿ.”

ಅಪ್ಪ ಕಲ್ಲಿನ ಹತ್ತಿರ ಬಂದು ಬಗ್ಗಿ ಅಂಕಿಗಳನ್ನು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ಎದ್ದು, “ಸಾಲಿ ಬಿಡಿಸಿದ್ದು ನಂದೇ ತಪ್ಪು. ನಾಳೆ ನಾನೇ ಕರ್ಕೊಂಡು ಬರ್ತೇನ್ರಿ” ಅಂದ.

ಮುಂದೆ ಯಡ್ರಾಮಿಯ ಸಾಲಿಯಲ್ಲಿ ಬಹಳ ವರ್ಷ ಗಣಿತ ಕಲಿಸಿದೆ. ಆದರೆ ಆ ಸಂಜೆಯಂಥ ಗೆಲುವು ಮತ್ತೆ ಸಿಗಲಿಲ್ಲ. ಅಂದು ಅವ್ವ ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಹೂರಣ ರುಬ್ಬತೊಡಗಿದಾಗ ಪಕ್ಕದ ಮನೆಯಾಕಿ ಇಣುಕಿ ಕೇಳಿದಳು: “ಇವತ್ತೇನು ಹಬ್ಬ ಬೇ?”

“ನನ್ನ ಮಗಳು ಗಂಡುಹುಡುಗರ ಸಾಲೀನೇ ಗೆದ್ದಾಳ,” ಅಂದಳು ಅವ್ವ, ಇಡೀ ಓಣಿಗೆ ಕೇಳುವಂತೆ.